ಗೃಹಜ್ಯೋತಿ: ಸಾಲುಮನೆಯ ಬಾಡಿಗೆದಾರರಿಗೆ ಸಿಗುವುದೆಷ್ಟು?

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸದ ಎಷ್ಟೋ ಜನ ಇರುವುದು ಸಾಲುಮನೆಗಳಲ್ಲಿ. ಒಂದೇ ರೂಮು, ಅದರಲ್ಲೇ ಅಡುಗೆ, ನಾಲ್ಕೈದು ಮನೆಗೊಂದು ಬಚ್ಚಲು. ಇಂಥ ಮನೆಗೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಎಷ್ಟು ಒದಗುತ್ತದೆ ಎಂದು ನೋಡುವುದಾದರೆ, ಎಲ್ಲವೂ ಮೀಟರಿನ ಮೇಲೆ ನಿಂತಿದೆ.

ಪ್ರತ್ಯೇಕ ಮೀಟರ್ ಇದ್ದರೆ ಯೋಜನೆ ನಿಜಕ್ಕೂ ಚೆನ್ನಾಗಿದೆ. ಆದರೆ 200 ಯೂನಿಟ್ ಎನ್ನುವುದು ಮೇಲ್ಮಿತಿ, ಎಲ್ಲರಿಗೂ ಸಿಗುವ ಪಾಲಲ್ಲ. 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟೇ ಉಚಿತ. ಸರಾಸರಿ 48 ಯೂನಿಟ್ ಒಳಗಿದ್ದವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಕೊಟ್ಟರು. 20 ಯೂನಿಟ್ ಉರಿಸುವ ಮನೆಗೆ 22 ಇದ್ದದ್ದು 30 ಆಯಿತು. ಬಡವರ ಕಡೆ ನೋಡಿ ಮಾಡಿದ ಒಳ್ಳೆಯ ತಿದ್ದುಪಡಿ. ಹಳೆಯ ಲೆಕ್ಕವಿಲ್ಲದ ಹೊಸ ಸಂಪರ್ಕಕ್ಕೆ 58 ಯೂನಿಟ್.

58ರಲ್ಲಿ ಸಂಸಾರ ಸಾಗುತ್ತದೆಯೇ? 9 ವ್ಯಾಟಿನ ಎರಡು ಬಲ್ಬು ಆರು ಗಂಟೆ, 75 ವ್ಯಾಟಿನ ಫ್ಯಾನು ಹತ್ತು ಗಂಟೆ, 50 ವ್ಯಾಟಿನ ಟಿವಿ ನಾಲ್ಕು ಗಂಟೆ, ಸ್ನಾನದ ನೀರಿಗೆ 1500 ವ್ಯಾಟಿನ ಕಾಯಿಲ್ ಅರ್ಧ ಗಂಟೆ: ದಿನಕ್ಕೆ ಸುಮಾರು 1.8 ಯೂನಿಟ್, ತಿಂಗಳಿಗೆ 54. ಸಿಲಿಂಡರ್ ಇಲ್ಲದೆ 2000 ವ್ಯಾಟಿನ ಇಂಡಕ್ಷನ್ ಒಲೆಯನ್ನು ದಿನಕ್ಕೊಂದು ಗಂಟೆ ಪೂರ್ತಿ ಉರಿಯಲ್ಲಿಟ್ಟರೆ ಇನ್ನೂ 60. ಪಾಲಿಗಿಂತ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್.

ಸಾಲುಮನೆ ಸಿಕ್ಕಿಬೀಳುವುದು ಇಲ್ಲೇ. ಆರು ರೂಮಿಗೆ ವಿದ್ಯುತ್ ಸಂಪರ್ಕದ ಗುರುತಾದ ಆರ್‌ಆರ್ ನಂಬರ್ ಒಂದೇ. ಬಾಗಿಲ ಪಕ್ಕದ ಹಲಗೆಯ ಮೇಲಿನ ಸಬ್‌ಮೀಟರ್ ಓನರ್ ಹಾಕಿಸಿದ್ದು, ವಿದ್ಯುತ್ ಕಂಪನಿಯ (ಎಸ್ಕಾಂ) ಲೆಕ್ಕಕ್ಕೆ ಅದು ಇಲ್ಲವೇ ಇಲ್ಲ. ಆರು ಮನೆಯ 54 ಸೇರಿದರೆ 324. ಒಬ್ಬರಿಗೂ ಒಂದು ಯೂನಿಟ್ ಉಚಿತವಿಲ್ಲ, ಓನರ್ ಹೇಳಿದ ರೇಟೇ ರೇಟು. ಮೂರು ಬೆಡ್‌ರೂಮಿನ ಸ್ವಂತ ಮನೆಯಲ್ಲಿ ಸರಾಸರಿ 180 ಉರಿಸುತ್ತಿದ್ದವರು 190 ಉರಿಸಿದರೂ ಬಿಲ್ ಸೊನ್ನೆ. ಒಲೆ ಎಣಿಸದೆ ಮೀಟರ್ ಎಣಿಸಿದ ತಪ್ಪು ಇದು, ಸರಿಪಡಿಸಲೇಬೇಕು.

ಆದ್ದರಿಂದ ಅಡ್ವಾನ್ಸ್ ಕೊಡುವ ಮುಂಚೆ ಹಿಂದಿನ ತಿಂಗಳ ಬಿಲ್ ಕೇಳಿ ನೋಡಿ. ನಿಮ್ಮ ರೂಮಿಗೇ ಬೇರೆ ಆರ್‌ಆರ್ ನಂಬರ್ ಇದ್ದರೆ ಬಾಡಿಗೆ ಇನ್ನೂರು ಮುನ್ನೂರು ಹೆಚ್ಚಾದರೂ ಲೆಕ್ಕ ಹಾಕಿ ನೋಡುವುದು ಲೇಸು. ರೂಮಿನ ಸ್ವಿಚ್ಚೆಲ್ಲ ಆರಿಸಿ ಮೀಟರಿನ ಕೆಂಪು ದೀಪ ಗಮನಿಸಿ. ಆಗಲೂ ಮಿಣುಕುತ್ತಿದ್ದರೆ ಮೋಟಾರೋ ಮೆಟ್ಟಿಲ ದೀಪವೋ ನಿಮ್ಮ ಮೀಟರಿಗೆ ಸೇರಿರಬಹುದು. ಕರಾರುಪತ್ರ ಮಾಡಿಸಿಕೊಳ್ಳಿ, ಅದು ಅಥವಾ ಆ ವಿಳಾಸದ ವೋಟರ್ ಐಡಿ, ಜೊತೆಗೆ ಆಧಾರ್, ಬಿಲ್ಲಿನ ಮೇಲಿನ ಅಕೌಂಟ್ ಐಡಿ ಇದ್ದರೆ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತದೆ. ಒಂದು ಆಧಾರ್‌ಗೆ ಒಂದೇ ಸಂಪರ್ಕ. ಹಾಗಾಗಿ ಮನೆ ಬದಲಿಸುವಾಗ ಮೊದಲು ಹಳೆಯ ಸಂಪರ್ಕದಿಂದ ನಿಮ್ಮ ಆಧಾರ್ ಬಿಡಿಸಿ (ಡಿ-ಲಿಂಕ್ ಮಾಡಿ), ಆಮೇಲೆ ಹೊಸ ಮನೆಯದಕ್ಕೆ ಅರ್ಜಿ ಹಾಕಿ.