ಐದು ಉಣ್ಣೆ ಕರಡಿಗಳು: ಯಾವ ಉಣ್ಣೆ, ಯಾವ ಸೂಜಿ ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು

ನಾನು ಮಾಡಿದ ಮೊದಲ ಉಣ್ಣೆ ಕರಡಿಯನ್ನು ನೋಡಿ ಮನೆಯವರೆಲ್ಲ "ಇಲಿ ಚೆನ್ನಾಗಿ ಬಂದಿದೆ" ಅಂದರು. ತಮಾಷೆಗಲ್ಲ, ನಿಜವಾಗಿಯೂ ಇಲಿ ಅಂದುಕೊಂಡಿದ್ದರು. ಮೂತಿ ಉದ್ದ, ಕಿವಿ ನೆತ್ತಿಯ ಮೇಲೆ, ಹೊಟ್ಟೆ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ನನ್ನ ಕೈಗೆ ಇದು ಒಗ್ಗುವುದಿಲ್ಲ ಅಂದುಕೊಂಡು ಒಂದು ವಾರ ಎತ್ತಿಟ್ಟೆ. ಆಮೇಲೆ ತಡೆಯಲಾಗದೆ ಇನ್ನೂ ನಾಲ್ಕು ಕರಡಿ ಮಾಡಿದೆ. ಎಲ್ಲವೂ ಸುಮಾರು 8 ಸೆಂಟಿಮೀಟರ್ ಎತ್ತರದವೇ. ಆದರೆ ಪ್ರತಿ ಸಲವೂ ಒಂದಲ್ಲ ಒಂದು ಸಾಮಾನು ಬದಲಾಯಿಸಿದೆ. ಈಗ ಅನ್ನಿಸುತ್ತದೆ, ಆ ಇಲಿಗೆ ಅರ್ಧ ಕಾರಣ ಮಾತ್ರ ನಾನು. ಇನ್ನರ್ಧ ಆ ಉಣ್ಣೆ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಕರಡಿಗಳನ್ನು ಮಾಡುವ ಕೈಕೆಲಸದ ಹೆಸರು ನೀಡಲ್ ಫೆಲ್ಟಿಂಗ್. ಇದರಲ್ಲಿ ಹೆಣಿಗೆಯಿಲ್ಲ, ಅಂಟಿಲ್ಲ, ಹೊಲಿಗೆಯೂ ಇಲ್ಲ ಅನ್ನುವಷ್ಟು ಕಡಿಮೆ. ಉಣ್ಣೆಯನ್ನು ಹಿಂಜಿ, ಉಂಡೆ ಮಾಡಿ, ಒಂದು ಉದ್ದನೆಯ ಸೂಜಿಯಿಂದ ಚುಚ್ಚುತ್ತಾ ಹೋಗುವುದು, ಅಷ್ಟೇ. ಈ ಸೂಜಿಗೆ ದಾರ ಪೋಣಿಸುವ ಕಣ್ಣಿರುವುದಿಲ್ಲ. ಅದರ ಬದಲು ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಒಳಗೆ ಹೋಗುವಾಗ ಅವು ಉಣ್ಣೆಯ ಎಳೆಗಳನ್ನು ಹಿಡಿದು ಎಳೆದುಕೊಂಡು ಹೋಗುತ್ತವೆ, ಹೊರಗೆ ಬರುವಾಗ ಅಲ್ಲೇ ಬಿಟ್ಟು ಬರುತ್ತವೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರ ಇರುವುದರಿಂದ ಒಂದಕ್ಕೊಂದು ಸಿಕ್ಕಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಚುಚ್ಚಿ ಚುಚ್ಚಿ ಉಂಡೆ ಕುಗ್ಗುತ್ತದೆ, ಗಟ್ಟಿಯಾಗುತ್ತದೆ. ಕೈತುಂಬಾ ತೆಗೆದುಕೊಂಡ ಉಣ್ಣೆ ಕೊನೆಗೆ ಮೂರನೇ ಒಂದು ಭಾಗದಷ್ಟಾದಾಗ "ಅಯ್ಯೋ, ಇಷ್ಟೇನಾ" ಅನ್ನಿಸುವುದು ಸಹಜ.

ಮೊದಲು ಉಣ್ಣೆಯ ವಿಷಯವನ್ನೇ ಹೇಳುತ್ತೇನೆ. ಸೂಜಿಗಿಂತ, ಕಲಿಯಲು ನೋಡಿದ ವಿಡಿಯೊಗಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ಅದು.

ನನ್ನ ಮೊದಲ ಕಿಟ್‌ನಲ್ಲಿದ್ದದ್ದು ಮೆರಿನೊ ಅನ್ನುವ ತಳಿಯ ಕುರಿಯ ಬಾಚಿದ ಉಣ್ಣೆ. ನೋಡಲು ಬಲು ಚಂದ. ಉದ್ದನೆಯ ಜಡೆಯ ಹಾಗೆ, ಹೊಳಪಿನಿಂದ, ಮುಟ್ಟಿದರೆ ಕೈ ತೆಗೆಯಲು ಮನಸ್ಸೇ ಬಾರದಷ್ಟು ಮೆತ್ತಗೆ. ತೊಂದರೆ ಇರುವುದೂ ಅಲ್ಲೇ. ಬಾಚಿದ ತಲೆಗೂದಲ ಹಾಗೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಸೂಜಿ ಅವುಗಳ ನಡುವೆ ಜಾರಿಕೊಂಡು ಹೋಗುತ್ತದೆ, ಹೆಚ್ಚೇನನ್ನೂ ಹಿಡಿಯುವುದಿಲ್ಲ. ಎಳೆ ಬೇರೆ ತುಂಬಾ ಸಪೂರ. ತಲೆಯೊಂದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಆಗಲೂ ಮೇಲೆ ಗೆರೆ ಗೆರೆ ಉಳಿದಿತ್ತು, ಒಳಗೆ ಮೆತ್ತಗೇ ಇತ್ತು.

ಎರಡನೇ ಕರಡಿಗೆ ಕೊರಿಡೇಲ್ ಅನ್ನುವ ಇನ್ನೊಂದು ತಳಿಯ ಕುರಿಯ, ಕಾರ್ಡ್ ಮಾಡಿದ ಅಂದರೆ ಎಳೆಗಳನ್ನು ಹಿಂಜಿ ಹರಡಿದ ಉಣ್ಣೆ ತಂದೆ. ಇದು ಜಡೆಯಲ್ಲ, ಹಾಸು. ಬಿಡಿಸಿದರೆ ಜೇಡರ ಬಲೆಯ ಹಾಗೆ ಎಳೆಗಳು ದಿಕ್ಕುದಿಕ್ಕಿಗೆ ಹರಡಿಕೊಂಡಿರುತ್ತವೆ. ಮೆರಿನೊಗಿಂತ ಸ್ವಲ್ಪ ಒರಟು, ಹೊಳಪಿಲ್ಲ, ಅಂಗಡಿಯಲ್ಲಿ ಎದುರಿಗಿಟ್ಟರೆ ಯಾರೂ ಇದನ್ನು ಮೊದಲು ಎತ್ತಿಕೊಳ್ಳುವುದಿಲ್ಲ. ಆದರೆ ಹತ್ತು ನಿಮಿಷ ಚುಚ್ಚುವಷ್ಟರಲ್ಲಿ ಸದ್ದು ಬದಲಾಯಿತು. ಮೆರಿನೊ ಚುಚ್ಚುವಾಗ ಸದ್ದೇ ಇರಲಿಲ್ಲ. ಇಲ್ಲಿ ಪ್ರತಿ ಸಲವೂ "ಚರಕ್, ಚರಕ್" ಅಂತ ಒಣ ಎಲೆ ತುಳಿದ ಹಾಗೆ ಕೇಳಿಸಿತು. ಕಚ್ಚುಗಳು ಎಳೆಗಳನ್ನು ಹಿಡಿಯುತ್ತಿವೆ ಅನ್ನುವುದಕ್ಕೆ ಅದೇ ಗುರುತು. ನಲವತ್ತು ನಿಮಿಷಕ್ಕೆ ತಲೆ ಮುಗಿಯಿತು. ಎರಡು ಬೆರಳಲ್ಲಿ ಒತ್ತಿದರೆ ಸ್ವಲ್ಪವೇ ತಗ್ಗಿ ವಾಪಸ್ ಬರುವ ಹದ.

ಹಾಗಂತ ಮೆರಿನೊ ಕೆಟ್ಟದ್ದಲ್ಲ. ಮೂರನೇ ಕರಡಿಗೆ ಉಳಿದಿದ್ದ ಅದೇ ಮೆರಿನೊವನ್ನು ಸಣ್ಣ ಸಣ್ಣ ತುಂಡಾಗಿ ಕಿತ್ತು, ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಹಿಂಜಿ ಹಿಂಜಿ ಕಲಸಿದೆ. ಆಗ ಅದೂ ಮಾತು ಕೇಳಿತು. ಕೊರಿಡೇಲ್‌ನಷ್ಟು ಬೇಗ ಅಲ್ಲ, ಆದರೆ ಮೊದಲ ಸಲದ ಹಾಗೆ ಅಳು ಬರಲಿಲ್ಲ. ಕಿಟ್ ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಡಿ, ಕಿತ್ತು ಕಲಸಿ. ಹೊಸದಾಗಿ ಕೊಳ್ಳುವವರಾದರೆ ಕಾರ್ಡ್ ಮಾಡಿದ್ದನ್ನೇ ಕೇಳಿ ತನ್ನಿ.

ಅದೇ ಮೂರನೇ ಕರಡಿಯಲ್ಲಿ ಇನ್ನೊಂದನ್ನೂ ನೋಡಿದೆ. ಒಳಗೆ ಬಣ್ಣ ಹಾಕದ ಅಗ್ಗದ ಬಿಳಿ ಉಣ್ಣೆ, ಮೇಲೆ ಮಾತ್ರ ಕಂದು ಮೆರಿನೊ. ಉಳಿತಾಯವೇನೋ ಆಯಿತು. ಆದರೆ ನಾನು ಹಳೇ ಅಭ್ಯಾಸದಲ್ಲಿ ಆರಪಾರ ಚುಚ್ಚಿದೆ. ಒಳಗಿನ ಬಿಳಿ ಎಳೆಗಳು ಇನ್ನೊಂದು ಕಡೆಯಿಂದ ಇಣುಕಿದವು, ಕರಡಿಗೆ ವಯಸ್ಸಾದ ಹಾಗೆ ಕಂಡಿತು. ಮೇಲ್ಪದರ ಹಾಕುವಾಗ ಸೂಜಿಯನ್ನು ಓರೆಯಾಗಿ ಹಿಡಿದು ಮೇಲೆ ಮೇಲೆ ಚುಚ್ಚಬೇಕು, ತುದಿ ಅರ್ಧ ಸೆಂಟಿಮೀಟರ್‌ಗಿಂತ ಒಳಗೆ ಹೋಗಬಾರದು. ಹೆಣಿಗೆಯ ಅಕ್ರಿಲಿಕ್ ನೂಲನ್ನು ಬಿಡಿಸಿ ಬಾಚಿ ಒಂದು ಕೈಯನ್ನಷ್ಟೇ ಮಾಡಿ ನೋಡಿದ್ದೂ ಉಂಟು. ಆಕಾರ ಬರುತ್ತದೆ, ಗಟ್ಟಿತನ ಬರುವುದಿಲ್ಲ. ರಬ್ಬರಿನ ಹಾಗೆ ಪುಟಿಯುತ್ತದೆ. ಬಿಟ್ಟುಬಿಟ್ಟೆ.

ಇನ್ನು ಸೂಜಿ. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಪೂರ. ನಾನು ನಾಲ್ಕು ನೋಡಿದೆ: 36, 38, 40, 42. 36 ದಪ್ಪ, ಬೇಗ ಆಕಾರ ಕೊಡುತ್ತದೆ, ಆದರೆ ಮುಖದ ಮೇಲೆ ಸಿಡುಬಿನ ಕಲೆಯಂಥ ತೂತು ಬಿಡುತ್ತದೆ. 42 ತೀರಾ ನಾಜೂಕು, ನನ್ನಂಥ ಗುದ್ದುವ ಕೈಗಲ್ಲ. ಎಲ್ಲ ಕೆಲಸಕ್ಕೂ ಒದಗಿದ್ದು 38. ಕೊನೆಗೆ ತೂತು ಮುಚ್ಚಿ ಮೇಲ್ಮೈ ನಯ ಮಾಡಲು 40. ಇವೆರಡರಲ್ಲೇ ನಾಲ್ಕನೇ ಮತ್ತು ಐದನೇ ಕರಡಿ ಮುಗಿದವು. ನಂಬರ್ ಒಂದೇ ಆದರೂ ಸೂಜಿಯ ಅಂಚು ಬೇರೆ ಬೇರೆ ಇರುತ್ತದೆ. ಸಾಮಾನ್ಯದ್ದು ಮೂರು ಅಂಚಿನದು, ಸ್ಟಾರ್ ಅನ್ನುವುದು ನಾಲ್ಕು ಅಂಚಿನದು. ಅಂಚು ಜಾಸ್ತಿ ಇದ್ದರೆ ಕಚ್ಚೂ ಜಾಸ್ತಿ. 38ರ ಸ್ಟಾರ್ ಹೊಟ್ಟೆಯ ಕೆಲಸವನ್ನು ನಿಜವಾಗಿಯೂ ಬೇಗ ಮುಗಿಸಿತು.

ಮುರಿಯುವ ವಿಷಯದಲ್ಲಿ ಮಾತ್ರ ಯಾವುದೂ ಸಾಚಾ ಅಲ್ಲ. ಈ ಸೂಜಿ ಹುಟ್ಟಿದ್ದು ಕೈಗಾಗಿ ಅಲ್ಲ, ಕಾರ್ಖಾನೆಯ ಯಂತ್ರಕ್ಕಾಗಿ. ಸಾವಿರಾರು ಸೂಜಿಗಳನ್ನು ಹಲಗೆಗೆ ಜೋಡಿಸಿ ಫೆಲ್ಟ್ ಹಾಸು ಮಾಡುವ ಯಂತ್ರ ಅದು. 1980ರ ದಶಕದಲ್ಲಿ ಅಮೆರಿಕದ ಡೇವಿಡ್ ಮತ್ತು ಎಲೀನರ್ ಸ್ಟ್ಯಾನ್‌ವುಡ್ ದಂಪತಿ ಅದನ್ನು ಕೈಗೆ ತೆಗೆದುಕೊಂಡ ಮೇಲೆ ಇದು ಕೈಕೆಲಸವಾಯಿತು. ಯಂತ್ರ ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತುತ್ತದೆ. ನಾವು ಚುಚ್ಚಿದ ಮೇಲೆ ಸುಮ್ನೆ ಪಕ್ಕಕ್ಕೆ ಸನ್ನೆಕೋಲು ಹಾಕಿದ ಹಾಗೆ ಎಳೆಯುತ್ತೇವೆ, ಟಕ್ ಅಂತ ಹೋಗುತ್ತದೆ. ಯಾವ ಕೋನದಲ್ಲಿ ಒಳಗೆ ಹೋಯಿತೋ ಅದೇ ಕೋನದಲ್ಲಿ ಹೊರಗೆ ಬರಬೇಕು. ನನ್ನದು ಒಟ್ಟು ಮೂರು ಮುರಿದವು. ಮೂರನೆಯದರ ತುದಿ ಕರಡಿಯ ಹೊಟ್ಟೆಯಲ್ಲೇ ಉಳಿಯಿತು. ಅರ್ಧ ಗಂಟೆ ಹಿಸುಕಿ ಹುಡುಕಿದೆ. ಕೊನೆಗೆ ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ಹಿಡಿದಾಗ ಎಲ್ಲಿದೆ ಅನ್ನುವ ಸುಳಿವು ಸಿಕ್ಕಿತು, ಅಲ್ಲಿ ಬಿಡಿಸಿ ತೆಗೆದೆ. ತುದಿ ಸಿಗದಿದ್ದರೆ ಆ ಕರಡಿ ಯಾರ ಕೈಗೂ ಹೋಗಬಾರದು, ಮಕ್ಕಳ ಕೈಗಂತೂ ಬೇಡವೇ ಬೇಡ.

ಮೂರು ಸೂಜಿ ಒಟ್ಟಿಗೆ ಹಿಡಿಯುವ ಪೆನ್ನಿನಂಥ ಹಿಡಿಕೆಯನ್ನೂ ತಂದಿದ್ದೆ. ಹೊಟ್ಟೆಗೆ, ತಲೆಯ ಹಿಂಭಾಗಕ್ಕೆ ಅದು ವರ. ಮುಖಕ್ಕೆ ತಂದರೆ ಮೂಗು ಮಾಡಲು ಹೋಗಿ ಹಳ್ಳ ಮಾಡುತ್ತದೆ. ಮುಖಕ್ಕೆ ಬರೀ ಒಂದು ಸೂಜಿ, ಬರೀ ಕೈ. ಎಡಗೈಗೆ ಚರ್ಮದ ಬೆರಳ ಕವಚ ಹಾಕಿಕೊಂಡರೆ ಒಳ್ಳೆಯದು. ನಾನು ಎರಡನೇ ಕರಡಿಯಿಂದ ಹಾಕಿಕೊಂಡೆ, ಯಾಕೆ ಅಂತ ಕೇಳಬೇಡಿ.

ಚುಚ್ಚುವಾಗ ಕರಡಿಯ ಕೆಳಗೆ ಇಟ್ಟುಕೊಳ್ಳುವ ಹಾಸಿನಲ್ಲಿ ಸ್ಪಂಜು, ಬ್ರಷ್ಷು, ಉಣ್ಣೆಯ ಹಾಸು ಮೂರನ್ನೂ ನೋಡಿದೆ. ಕಿಟ್‌ನ ಸ್ಪಂಜು ಒಂದೂವರೆ ಕರಡಿಗೆ ನಡುವೆ ಗುಂಡಿ ಬಿದ್ದು ಪುಡಿಯಾಯಿತು. ಆ ಪುಡಿ ಕಂದು ಉಣ್ಣೆಯೊಳಗೆ ಸೇರಿಕೊಂಡರೆ ಚಿಮಟದಿಂದ ಒಂದೊಂದೇ ಆರಿಸಬೇಕು. ಬ್ರಷ್ಷಿನ ಹಾಸು ಕಿವಿಯಂಥ ಚಪ್ಪಟೆ ತುಂಡಿಗೆ ಸರಿ, ಉಂಡೆಗೆ ಅಲ್ಲಾಡುತ್ತದೆ. ದಪ್ಪ ಉಣ್ಣೆಯ ಹಾಸು ಗಟ್ಟಿಯಾಗಿ ಕೂರುತ್ತದೆ, ಪುಡಿ ಉದುರುವುದಿಲ್ಲ, ಐದನೇ ಕರಡಿಯ ಹೊತ್ತಿಗೂ ಹೊಸದರ ಹಾಗೇ ಇದೆ. ಒಂದೇ ಜಾಗದಲ್ಲಿ ಬಹಳ ಹೊತ್ತು ಚುಚ್ಚಿದರೆ ಕರಡಿ ಹಾಸಿಗೇ ಅಂಟಿಕೊಳ್ಳುತ್ತದೆ, ಆಗಾಗ ಎತ್ತಿ ತಿರುಗಿಸಬೇಕು. ಆದರೂ ಹಾಸು ಅಂದರೆ ಉಣ್ಣೆಯದೇ, ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ.

ಕೈಕಾಲು ಸೇರಿಸುವುದಕ್ಕೆ ಎರಡು ದಾರಿ. ಒಂದು, ಕೈಯ ಮೇಲ್ತುದಿಯನ್ನು ಚುಚ್ಚದೆ ಪೊದೆಯ ಹಾಗೆ ಬಿಟ್ಟು, ಆ ಪೊದೆಯನ್ನು ಮೈಗೆ ಹರಡಿ ಚುಚ್ಚಿ ಕೂಡಿಸುವುದು. ಇನ್ನೊಂದು, ಕಣ್ಣಿರುವ ಉದ್ದ ಹೊಲಿಗೆ ಸೂಜಿಯಲ್ಲಿ ಗಟ್ಟಿ ದಾರ ಪೋಣಿಸಿ ಒಂದು ಕೈಯಿಂದ ಮೈ ಹಾದು ಇನ್ನೊಂದು ಕೈಗೆ ಎಳೆದು ಕಟ್ಟುವುದು. ದಾರದ್ದಾದರೆ ಕೈಕಾಲು ತಿರುಗುತ್ತವೆ, ಕರಡಿ ಕೂರುತ್ತದೆ, ನಿಲ್ಲುತ್ತದೆ. ಆಸೆಯಾಗಿ ನಾಲ್ಕನೇ ಕರಡಿಗೆ ಹಾಗೆ ಮಾಡಿದೆ. ಗಂಟು ಬಿಗಿಯುವಾಗ ದಾರ ಬಲಗೈಯೊಳಗೆ ಬೆಣ್ಣೆಯಲ್ಲಿ ಕೂದಲಿಳಿದ ಹಾಗೆ ಇಳಿದುಬಿಟ್ಟಿತು, ತೋಳು ಎರಡು ಭಾಗ! ದಾರ ತಡೆಯುವಷ್ಟು ಅದು ಗಟ್ಟಿಯಾಗಿರಲಿಲ್ಲ. ಹೊಸಬರಿಗೆ ಪೊದೆಯ ದಾರಿಯೇ ವಾಸಿ. ತೋಳನ್ನು ಎಷ್ಟು ಗಟ್ಟಿ ಮಾಡಬೇಕು ಅಂತ ಬೆರಳಿಗೆ ಗೊತ್ತಾದ ಮೇಲೆ ದಾರಕ್ಕೆ ಹೋಗಿ.

ಕಲಿಯುವುದು ವಿಡಿಯೊದಿಂದಲೋ ಚಿತ್ರವಿರುವ ಹಾಳೆಯಿಂದಲೋ? ವಿಡಿಯೊದಲ್ಲಿ ಕೈಯ ಕೋನ ಕಾಣುತ್ತದೆ, ಅದು ಹಾಳೆಯಲ್ಲಿ ಸಿಗುವುದಿಲ್ಲ. ಆದರೆ ಅಲ್ಲಿ ನಾಲ್ಕು ನಿಮಿಷಕ್ಕೆ ತಲೆ ಮುಗಿದುಹೋಗುತ್ತದೆ, ನಡುವಿನ ಚುಚ್ಚಾಟವನ್ನೆಲ್ಲ ಕತ್ತರಿಸಿರುತ್ತಾರೆ. ಅದನ್ನು ನೋಡಿ ನನ್ನದು ಯಾಕಿನ್ನೂ ಆಗಿಲ್ಲ ಅಂತ ಬೇಗ ನಿಲ್ಲಿಸಿದ್ದಕ್ಕೇ ಮೊದಲ ಕರಡಿ ಮೆತ್ತಗಾದದ್ದು. ಹಾಳೆಯಲ್ಲಿ ಅಳತೆ ಇತ್ತು: ತಲೆ 3 ಸೆಂಟಿಮೀಟರ್, ಮೈ 4. ಸ್ಕೇಲ್ ಹಿಡಿದು ಅಳೆದು ಮಾಡಿದಾಗ ಎರಡು ಕಾಲುಗಳು ಮೊದಲ ಸಲ ಒಂದೇ ಉದ್ದ ಬಂದವು. ಅಳತೆಗೆ ಹಾಳೆ, ಕೈಗೆ ವಿಡಿಯೊ.

ಕಣ್ಣಿಗೆ ಕಪ್ಪು ಉಣ್ಣೆಯನ್ನೇ ಚುಚ್ಚಿ ಚುಕ್ಕಿ ಇಟ್ಟೂ ನೋಡಿದೆ, ಗಾಜಿನ ಮಣಿ ಹೊಲಿದೂ ನೋಡಿದೆ. ಉಣ್ಣೆಯ ಕಣ್ಣಿಗೆ ಜೀವ ಸ್ವಲ್ಪ ಕಡಿಮೆ. ಮಣಿ ಇಟ್ಟ ತಕ್ಷಣ ಕರಡಿ ನಮ್ಮನ್ನೇ ನೋಡುತ್ತದೆ. ಆದರೆ ಪುಟ್ಟ ಮಗುವಿರುವ ಮನೆಗೆ ಕೊಡುವುದಾದರೆ ಮಣಿ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಏನು ಇಡುತ್ತೀರಿ ಅನ್ನುವುದಕ್ಕಿಂತ ಎಲ್ಲಿ ಇಡುತ್ತೀರಿ ಅನ್ನುವುದೇ ದೊಡ್ಡದು. ಕಣ್ಣು ಮೂತಿಯ ಬುಡಕ್ಕೆ ಹತ್ತಿರ, ಮುಖದ ಅರ್ಧಕ್ಕಿಂತ ಕೆಳಗಿದ್ದರೆ ಮರಿಯ ಮುಖ. ಎರಡೇ ಮಿಲಿಮೀಟರ್ ಮೇಲೆ ಹೋದರೆ ಯಾರೋ ಬೈದು ಕಳಿಸಿದ ಹಾಗೆ ಕಾಣುತ್ತದೆ. ಮೂತಿ ಮೊಂಡಾಗಿರಬೇಕು, ಕಿವಿ ನೆತ್ತಿಯಿಂದ ಪಕ್ಕಕ್ಕೆ ಇಳಿಯಬೇಕು. ಅಂದಹಾಗೆ ನನ್ನ ಇಲಿಗೂ ಒಂದು ಸಮಾಧಾನ ಇದೆ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಗೆ ಹೋಗಿ, ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪದಿದ್ದ ಮೇಲೆ ಅವರ ಅಡ್ಡಹೆಸರಾದ ಟೆಡ್ಡಿ ಅನ್ನುವುದೇ ಆಟದ ಕರಡಿಗೆ ಹೆಸರಾಗಿ ಬಂತಲ್ಲ, ಆ ಕಾಲದ ಟೆಡ್ಡಿಗಳಿಗೂ ಮೂತಿ ಉದ್ದವೇ ಇತ್ತು, ಬೆನ್ನಲ್ಲಿ ಗೂನು ಬೇರೆ. ಹಾಗಂತ ಹೇಳಿದರೂ ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ಈಗ ಮಣಿ ಹೊಲಿಯುವ ಮೊದಲು ಕಪ್ಪು ತಲೆಯ ಗುಂಡುಪಿನ್ನು ಚುಚ್ಚಿ ದೂರದಿಂದ ನೋಡುತ್ತೇನೆ. ಆರನೇ ಕರಡಿಯ ಮುಖದಲ್ಲಿ ಎರಡು ಪಿನ್ನು ಮೊನ್ನೆಯಿಂದ ಹಾಗೇ ಇವೆ. ಎಡಗಡೆಯದು ಒಂದು ಚೂರು ಮೇಲಾಯಿತೇನೋ, ಇವತ್ತು ಬೆಳಕಿನಲ್ಲಿ ಇನ್ನೊಮ್ಮೆ ನೋಡಬೇಕು.