ಏರ್ ಸಸ್ಪೆನ್ಷನ್ ಪೈಪಿಗೆ ಪುಶ್-ಫಿಟ್ ಜಾಯಿಂಟ್ ಕಿಟ್: ಎರಡು ವರ್ಷ ಬಳಸಿದ ಮೇಲೆ

5ಕ್ಕೆ 3.5. ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ಚೀಲದ ಮೇಲೆ ಕೂರುವ ವಾಹನದ ಗಾಳಿ ಪೈಪುಗಳನ್ನು ಒತ್ತಿ ಸೇರಿಸುವ ಈ ಕಿಟ್‌ನಲ್ಲಿರುವುದು 4, 6, 8 ಮಿ.ಮೀ.ನ ಹಿತ್ತಾಳೆ ನೇರ ಜಾಯಿಂಟ್‌ಗಳು, ಅದೇ ಅಳತೆಯ ಪ್ಲಾಸ್ಟಿಕ್ ಎಲ್ಬೋಗಳು (ಮೊಣಕೈಯಂತೆ ಬಾಗಿದ ಜಾಯಿಂಟ್), ಒಂದು ಸುರುಳಿ ಪೈಪು, ಒಂದು ಪೈಪ್ ಕಟರ್. ಹಿತ್ತಾಳೆ ಜಾಯಿಂಟ್‌ಗಳಿಗೆ ಪೂರ್ತಿ ಅಂಕ. ಕಟರ್ ಪರವಾಗಿಲ್ಲ. ಉಳಿದೆರಡನ್ನು ವಾಹನಕ್ಕೆ ಹಾಕಬೇಡಿ.

ಎಲ್ಬೋ ಮೇಲೆಯೇ 10 ಬಾರ್, 60 ಡಿಗ್ರಿ ಎಂದು ಅಚ್ಚಾಗಿದೆ. ಎಷ್ಟೋ ಕಾರುಗಳ ಏರ್ ಟ್ಯಾಂಕಿನ ಒತ್ತಡ ಇದನ್ನು ದಾಟುತ್ತದೆ. ಕಂಪ್ರೆಸರ್‌ನಿಂದ ಹೊರಡುವ ಪೈಪಂತೂ ಕೈ ಇಡಲಾಗದಷ್ಟು ಕಾಯುತ್ತದೆ. ಸುರುಳಿ ಪೈಪು ಮೆತ್ತನೆಯ ಪಾಲಿಯುರೆಥೇನ್, ಬಿಸಿಯಾದಷ್ಟೂ ಬಲ ಕಳೆದುಕೊಳ್ಳುವ ಜಾತಿ. ತುಂಡು ಸೇರಿಸಬೇಕಾದರೆ ಗಟ್ಟಿ ನೈಲಾನ್ ಪೈಪನ್ನೇ ಬೇರೆಯಾಗಿ ತನ್ನಿ.

ಜಾಯಿಂಟ್ ಸೋರಿದರೆ ಎಲ್ಲರೂ ಮೊದಲು ಬೈಯುವುದು ಜಾಯಿಂಟನ್ನೇ. ತಪ್ಪು ಹೆಚ್ಚಿನ ಸಲ ಪೈಪಿನ ತುದಿಯಲ್ಲಿರುತ್ತದೆ. ಒಳಗೆ ಮೊದಲು ಪೈಪನ್ನು ಕಚ್ಚುವ ಹಲ್ಲಿನ ಬಳೆ, ಅದರ ಹಿಂದೆ ಗಾಳಿ ಸೋರದಂತೆ ಹಿಡಿಯುವ ರಬ್ಬರ್ ಓ-ರಿಂಗ್, ಕೊನೆಗೆ ಪೈಪು ತಾಗಿ ನಿಲ್ಲುವ ತಡೆ. ಬಿಚ್ಚುವಾಗ ಬಳೆಯ ಹೊರ ಅಂಚನ್ನು ಸಮನಾಗಿ ಒತ್ತದೆ ಪೈಪನ್ನು ಜಗ್ಗಿದರೆ ಹಲ್ಲುಗಳು ತುದಿಯವರೆಗೂ ಉದ್ದುದ್ದ ಗೀರುತ್ತವೆ. ಅದೇ ತುದಿಯನ್ನು ಮತ್ತೆ ತೂರಿಸಿದಾಗ ಆ ಗೀರು ಓ-ರಿಂಗ್ ಅಡಿಯಲ್ಲಿ ಗಾಳಿಗೆ ಕಾಲುವೆಯಾಗುತ್ತದೆ. ಬೆಳಕಿಗೆ ಹಿಡಿದು ಉಗುರಿನಿಂದ ಅಡ್ಡಕ್ಕೆ ಸವರಿ. ಉಗುರಿಗೆ ಸಿಕ್ಕಿದರೆ ಅಷ್ಟು ಭಾಗ ಹೋಗಲೇಬೇಕು. ಸಾಮಾನ್ಯವಾಗಿ 15-20 ಮಿ.ಮೀ. ಕತ್ತರಿಸಿದರೆ ಸಾಕು. ಕಟಿಂಗ್ ಪ್ಲೇಯರ್ ಬೇಡ: ಪೈಪು ಚಪ್ಪಟೆಯಾಗುತ್ತದೆ, ದುಂಡು ಕೆಟ್ಟ ಪೈಪಿನ ಮೇಲೆ ಓ-ರಿಂಗ್ ಕೂರುವುದಿಲ್ಲ.

ಬಿಚ್ಚುವ ಮುಂಚೆ ಜ್ಯಾಕ್ ಮೋಡ್ (ವಾಹನ ತಾನಾಗಿ ಎತ್ತರ ಸರಿಪಡಿಸಿಕೊಳ್ಳುವುದನ್ನು ನಿಲ್ಲಿಸುವ ಸೆಟ್ಟಿಂಗ್) ಇದ್ದರೆ ಹಾಕಿ, ಇಗ್ನಿಷನ್ ಆರಿಸಿ, ಆಮೇಲೆ ವಾಹನವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಏರ್ ಸ್ಪ್ರಿಂಗಿನ (ಆ ಗಾಳಿ ಚೀಲದ) ಪೈಪು ಬಿಚ್ಚಿದೊಡನೆ ಆ ಮೂಲೆ ಕುಸಿಯುತ್ತದೆ. ಬರೀ ಜ್ಯಾಕ್ ನಂಬಿ ಚಕ್ರದ ಮೇಲಿನ ಸಂದಿಗೆ ಕೈ ಹಾಕಬೇಡಿ.

ಜಾಯಿಂಟಿನ ಆಳವನ್ನು ಹಳೆಯ ತುಂಡೊಂದರಿಂದ ಅಳೆದು ಪೈಪಿನ ಮೇಲೆ ಮಾರ್ಕರ್ ಗೆರೆ ಹಾಕಿ. ತೂರಿಸುವಾಗ ನಡುವೆ ಒಮ್ಮೆ ಬಿಗಿಯಾಗುತ್ತದೆ; ಅದು ಓ-ರಿಂಗ್, ತಡೆಯಲ್ಲ. ಗೆರೆ ಮುಚ್ಚುವವರೆಗೆ ಒತ್ತಿ, ಆಮೇಲೆ ಹಿಂದಕ್ಕೆ ಎಳೆದು ನೋಡಿ. ಜಾಯಿಂಟಿನ ಎರಡೂ ಕಡೆ ಪೈಪು ಒಂದಷ್ಟು ದೂರ ನೇರವಾಗಿರಲಿ. ಬಾಯಲ್ಲೇ ಬಾಗಿಸಿದರೆ ಓ-ರಿಂಗ್ ಒಂದು ಪಕ್ಕಕ್ಕೆ ಒತ್ತಿಕೊಂಡು ಇನ್ನೊಂದು ಪಕ್ಕದಲ್ಲಿ ಸೋರುತ್ತದೆ.

ಅಳತೆಯಲ್ಲಿ ಒಂದು ಮೋಸವಿದೆ. 5/32 ಇಂಚಿನ ಪೈಪು 3.97 ಮಿ.ಮೀ., 4ರ ಜಾಯಿಂಟಿನಲ್ಲಿ ನಡೆಯುತ್ತದೆ. ಕಾಲು ಇಂಚು 6.35 ಮಿ.ಮೀ.; ಕಾಲು ಇಂಚಿನ ಜಾಯಿಂಟಿಗೆ 6 ಮಿ.ಮೀ. ಪೈಪು ಹೋಗುತ್ತದೆ, ಗಾಳಿ ಮಾತ್ರ ನಿಲ್ಲುವುದಿಲ್ಲ. ಮೂಲೆಮೂಲೆಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿನ ನೇರ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವುದೂ ಬೇಡ. ಅಲ್ಲಿ ಗಾಳಿ ತಡೆಯುವುದು ಥ್ರೆಡ್ ಅಲ್ಲ, ಮತ್ತು ಟೇಪಿನ ಚೂರು ವಾಲ್ವ್ ಸೀಟಿನಲ್ಲಿ ಸಿಕ್ಕಿಕೊಂಡರೆ ಸಣ್ಣ ಸೋರಿಕೆಯ ಬದಲು ದೊಡ್ಡ ಖರ್ಚು.

ಪರೀಕ್ಷೆಗೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಗುಳ್ಳೆ ತಕ್ಷಣ ಬರದಿದ್ದರೆ ಒಂದೆರಡು ನಿಮಿಷ ಕಾಯಿರಿ. ಸಣ್ಣ ಸೋರಿಕೆ ನೊರೆಯಾಗಿ ನಿಧಾನವಾಗಿ ಕಟ್ಟುತ್ತದೆ. ರಾತ್ರಿ ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಅಳೆದಿಟ್ಟು ಬೆಳಗ್ಗೆ ಹೋಲಿಸಿ. ನಾಲ್ಕೂ ತುಸು ಇಳಿದಿದ್ದರೆ ಅದು ರಾತ್ರಿಯ ತಂಪಿನಿಂದಲೂ ಆಗಿರಬಹುದು. ಒಂದೇ ಮೂಲೆ ಇಳಿದಿದ್ದರೆ ಆ ಪೈಪು, ಅದರ ಎರಡು ತುದಿ, ಇಲ್ಲವೇ ಏರ್ ಸ್ಪ್ರಿಂಗ್. ಈ ಹುಡುಕಾಟ ಮುಂದೂಡಿದರೆ ಕೊನೆಗೆ ಸುಡುವುದು ಬಿಡುವಿಲ್ಲದೆ ಓಡುವ ಕಂಪ್ರೆಸರ್.

ಹಿತ್ತಾಳೆ ಜಾಯಿಂಟಿನ ಮೇಲೂ ಒಂದು ದೂರು: ಚಕ್ರದ ಹತ್ತಿರ ಹಾಕಿದರೆ ಬಳೆಯ ಸಂದಿಗೆ ಕೆಸರು ಕಚ್ಚಿ, ಒಣಗಿದ ಮೇಲೆ ಒತ್ತಿದರೂ ಅಲುಗುವುದಿಲ್ಲ. ಬಿಚ್ಚುವ ಮುಂಚೆ ನೀರಿನಿಂದ ತೊಳೆದು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಜಾಗವಿದ್ದರೆ ಜಾಯಿಂಟನ್ನು ಚಾಸಿಯ ಒಳಬದಿಗೇ ಬರುವಂತೆ ಪೈಪನ್ನು ಕತ್ತರಿಸಿ.