ಹೋಮ್‌ಸ್ಟೇ ರೂಮಿನ ಟ್ಯಾಕ್ಸ್ ಯಾರು ಕಟ್ಟಬೇಕು? ನಾಲ್ಕು ದಾರಿ ತುಳಿದು ನೋಡಿದ್ದು

ಹೋಮ್‌ಸ್ಟೇ ಶುರು ಮಾಡಬೇಕು ಅಂತಿರುವವರು ನಮ್ಮ ಮನೆಗೆ ಬಂದರೆ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಆ್ಯಪ್‌ಗೆ ಹಾಕಿಬಿಟ್ಟರೆ ಟ್ಯಾಕ್ಸೆಲ್ಲ ಅವರೇ ಕಟ್ತಾರಂತಲ್ಲ, ನಮಗೇನೂ ತಲೆಬಿಸಿ ಇಲ್ಲ ಅಲ್ವಾ?" ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಪ್ರತಿ ಸಲ ಅರ್ಧ ಗಂಟೆ ವಿವರಿಸಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ಸಕಲೇಶಪುರದಿಂದ ಸ್ವಲ್ಪ ಒಳಗೆ. ಕಾಫಿ ತೋಟ, ಹಳೇ ಹೆಂಚಿನ ಮನೆ, ಅದರಲ್ಲಿ ಮೂರು ರೂಮು ಬಾಡಿಗೆಗೆ. ತೋಟ ಯಜಮಾನರದು, ಅಡುಗೆಮನೆ ಅತ್ತೆಯದು, ಲೆಕ್ಕ ನನ್ನ ತಲೆಗೆ. ಆದರೆ ಮನೆ, ಬ್ಯಾಂಕ್ ಖಾತೆ, ಪ್ಯಾನ್ ಎಲ್ಲ ಯಜಮಾನರ ಹೆಸರಲ್ಲೇ ಇದೆ. ಈ ಪ್ಯಾನ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮ್ಮನ್ನ ಕುಣಿಸಿದ್ದು.

ನಮ್ಮೂರಿನ ಹಿರಿಯರು ಈಗಲೂ ಇದನ್ನ ಲಕ್ಷುರಿ ಟ್ಯಾಕ್ಸು ಅಂತಲೇ ಕರೆಯುತ್ತಾರೆ. ಅದು 1979ರ ರಾಜ್ಯದ ಕಾಯ್ದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅದರೊಳಗೆ ಕರಗಿಹೋಯಿತು. ನಾವು ಶುರು ಮಾಡಿದ 2021ರಲ್ಲಿ 1000 ದಾಟಿ 7500 ರೂಪಾಯಿವರೆಗಿನ ರೂಮಿಗೆ 12 ಪರ್ಸೆಂಟ್, ಅದಕ್ಕಿಂತ ಮೇಲಾದರೆ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ 12 ಇದ್ದದ್ದು 5 ಆಯಿತು, 18 ಹಾಗೇ ಉಳಿಯಿತು. 5 ಆಯಿತು ಅಂತ ಎಲ್ಲರೂ ಖುಷಿಪಟ್ಟರು, ಅದರೊಳಗಿನ ಮುಳ್ಳು ಆಮೇಲೆ ಹೇಳುತ್ತೇನೆ. ಹೋಲಿಸುವುದಕ್ಕೆ ಸುಲಭ ಆಗಲಿ ಅಂತ ಒಂದು ರೂಮು, ಒಂದು ರಾತ್ರಿ, 3000 ರೂಪಾಯಿ ಅಂತಲೇ ಎಲ್ಲ ಕಡೆ ಹಿಡಿಯುತ್ತೇನೆ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ. ಜಿಎಸ್‌ಟಿ ನಂಬರ್ ಇಲ್ಲದೆ ಒಂದು ದೊಡ್ಡ ಆ್ಯಪ್‌ನಲ್ಲಿ ರೂಮು ಹಾಕಿದ್ದು. ಇಲ್ಲಿ ನಿಜವಾಗಿಯೂ ಅವರೇ ಕಟ್ಟುತ್ತಾರೆ. ಅದು ಅವರ ಉದಾರತನ ಅಲ್ಲ, ಕಾನೂನೇ ಹಾಗಿದೆ. ಜಿಎಸ್‌ಟಿಯ ಸೆಕ್ಷನ್ 9(5) ಪ್ರಕಾರ ನೋಂದಣಿ ಮಾಡಿಸಬೇಕಾದ ಮಟ್ಟ ಮುಟ್ಟದವರು ಆ್ಯಪ್ ಮೂಲಕ ರೂಮು ಕೊಟ್ಟರೆ, ಆ ರೂಮನ್ನ ಆ್ಯಪ್‌ನವರೇ ಕೊಟ್ಟ ಹಾಗೆ ಲೆಕ್ಕ. ತೆರಿಗೆ ಅವರ ಮೇಲೆ. ಕರ್ನಾಟಕದಲ್ಲಿ ಸೇವೆಗೆ ಆ ಮಟ್ಟ ವರ್ಷಕ್ಕೆ 20 ಲಕ್ಷ ವಹಿವಾಟು. ಆಗ ಅತಿಥಿ ಕೊಡುತ್ತಿದ್ದದ್ದು 3000ದ ಮೇಲೆ 360, ಒಟ್ಟು 3360. ಆ 360 ನಮ್ಮ ಕಣ್ಣಿಗೂ ಬೀಳುತ್ತಿರಲಿಲ್ಲ. 3000ದಲ್ಲಿ ಅವರ ಕಮಿಷನ್ 15 ಪರ್ಸೆಂಟ್, ಅಂದರೆ 450, ಕಮಿಷನ್ ಮೇಲಿನ ಜಿಎಸ್‌ಟಿ 81 ಕಳೆದು 2469 ಖಾತೆಗೆ ಬರುತ್ತಿತ್ತು. ರಿಟರ್ನ್ ಇಲ್ಲ, ಚಲನ್ ಇಲ್ಲ. ಸುಖ ಅಂದರೆ ಸುಖ.

ಒಂದೇ ಎಡವಟ್ಟು, ಅದೂ ನನ್ನದೇ. ಲಿಸ್ಟಿಂಗ್ ಮಾಡುವಾಗ ಪ್ಯಾನ್ ನಂಬರ್ ಆಮೇಲೆ ಹಾಕೋಣ ಅಂತ ಬಿಟ್ಟೆ. ಜಿಎಸ್‌ಟಿ ಅಲ್ಲದೆ 1961ರ ಆದಾಯ ತೆರಿಗೆ ಕಾಯ್ದೆಯ 194-ಒ ಅಂತ ಇನ್ನೊಂದಿತ್ತು, ಆ್ಯಪ್‌ನವರು ನಮಗೆ ದುಡ್ಡು ಕೊಡುವಾಗ ಹಿಡಿಯುವ ಟಿಡಿಎಸ್. ವೈಯಕ್ತಿಕ ಹೆಸರಲ್ಲಿರುವವರು ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ವರ್ಷಕ್ಕೆ 5 ಲಕ್ಷದವರೆಗೆ ಅದು ಇಲ್ಲವೇ ಇಲ್ಲ. ಕೊಡದಿದ್ದರೆ 5 ಪರ್ಸೆಂಟ್. 3000ಕ್ಕೆ 150. ಎರಡು ತಿಂಗಳು ಹಾಗೇ ಹೋಯಿತು. ಹೋದರೆ ಹೋಗಲಿ, ರಿಟರ್ನ್‌ನಲ್ಲಿ ವಾಪಸ್ ತಗೊಳ್ಳೋಣ ಅಂದರೆ, ಪ್ಯಾನ್ ಇಲ್ಲದೆ ಹಿಡಿದ ದುಡ್ಡು ನಮ್ಮ 26ಎಎಸ್‌ನಲ್ಲಿ, ಅಂದರೆ ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿಯಲ್ಲಿ, ಕಾಣುವುದೇ ಇಲ್ಲ! ಯಾರ ಹೆಸರೂ ಇಲ್ಲದ ದುಡ್ಡು ಅದು. ಪ್ಯಾನ್ ಮೊದಲು ಹಾಕಿ, ಫೋಟೋ ಆಮೇಲೆ ಹಾಕಿ.

2022ರ ಮಳೆಗಾಲದಲ್ಲಿ ಅತ್ತೆಗೆ ಮಂಡಿನೋವು ಜಾಸ್ತಿಯಾಯಿತು. ಆಗ ಒಂದು ಕಂಪನಿಯವರು ಬಂದರು. ನಿಮ್ಮ ಮನೆ ನಮಗೆ ಕೊಡಿ, ಬುಕಿಂಗ್, ಅಡುಗೆ, ಕ್ಲೀನಿಂಗ್, ಟ್ಯಾಕ್ಸ್ ಎಲ್ಲ ನಮ್ಮದು, ಬಂದದ್ದರಲ್ಲಿ ಪಾಲು ನಿಮಗೆ ಅಂದರು. ಹೆಸರು ಬೇಡ. ಕೇಳುವುದಕ್ಕೆ ಎಷ್ಟು ಚೆಂದ. ಅದು ನಮ್ಮ ಎರಡನೇ ದಾರಿ, ಹನ್ನೊಂದು ತಿಂಗಳು ಕೊಟ್ಟೆವು.

ಟ್ಯಾಕ್ಸ್ ನಮ್ಮದು ಅಂದವರು ಆ್ಯಪ್‌ಗಳಲ್ಲಿ ಲಿಸ್ಟಿಂಗ್ ಮಾಡುವಾಗ ತಮ್ಮ ಜಿಎಸ್‌ಟಿ ನಂಬರ್ ಹಾಕದೆ ಯಜಮಾನರ ಪ್ಯಾನ್ ಹಾಕಿದ್ದರು. ಅದು ಗೊತ್ತಾದದ್ದು ಮುಂದಿನ ಜೂನ್‌ನಲ್ಲಿ, ಆಡಿಟರ್ ಎಐಎಸ್, ಅಂದರೆ ಒಂದು ಪ್ಯಾನ್‌ಗೆ ಬಂದ ಆದಾಯದ ಬಗ್ಗೆ ತೆರಿಗೆ ಇಲಾಖೆ ಇಟ್ಟಿರುವ ಪಟ್ಟಿ, ತೆಗೆದಾಗ. ಅದರಲ್ಲಿ ಆ್ಯಪ್‌ಗಳಿಂದ ಬಂದದ್ದು 14 ಲಕ್ಷ ಅಂತಿದೆ. ನಮ್ಮ ಪಾಲಾಗಿ ಬ್ಯಾಂಕಿಗೆ ಬಂದಿರುವುದು 8 ಲಕ್ಷ. ಉಳಿದ 6 ಲಕ್ಷ ಖರ್ಚು ಅಂತ ತೋರಿಸಬೇಕಾದರೆ ಕಂಪನಿಯವರ ಬಿಲ್ ಬೇಕು, ಆ ಬಿಲ್‌ಗಾಗಿ ನಾನು ಮಾಡಿದ ಫೋನ್ ಲೆಕ್ಕ ಇಟ್ಟಿಲ್ಲ. ಇದಕ್ಕಿಂತ ಹೆದರಿಕೆಯ ವಿಷಯ ಇನ್ನೊಂದಿತ್ತು. ಹಾಸನದಲ್ಲಿ ಯಜಮಾನರಿಗೆ ಒಂದು ಅಂಗಡಿ ಮಳಿಗೆ ಇದೆ, ತಿಂಗಳಿಗೆ 40 ಸಾವಿರ ಬಾಡಿಗೆ, ವರ್ಷಕ್ಕೆ 4.8 ಲಕ್ಷ. 20 ಲಕ್ಷದ ಲೆಕ್ಕ ಹೋಮ್‌ಸ್ಟೇಗೆ ಬೇರೆ, ಮಳಿಗೆಗೆ ಬೇರೆ ಅಲ್ಲ, ಒಂದು ಪ್ಯಾನ್‌ಗೆ ಒಂದೇ. 14ಕ್ಕೆ 4.8 ಸೇರಿಸಿ, 18.8 ಲಕ್ಷ. ಆ ವರ್ಷ ಇನ್ನೆರಡು ಲಾಂಗ್ ವೀಕೆಂಡ್ ಚೆನ್ನಾಗಿ ಓಡಿದ್ದರೆ ನಮಗೆ ಗೊತ್ತಿಲ್ಲದೆಯೇ ನಾವು ಗೆರೆ ದಾಟಿರುತ್ತಿದ್ದೆವು.

ಇಂಥ ಕಂಪನಿಗೆ ಕೊಡುವುದೇ ತಪ್ಪು ಅಂತ ಹೇಳುತ್ತಿಲ್ಲ. ಕೊಡುವುದಾದರೆ ಲಿಸ್ಟಿಂಗ್ ಅವರ ಜಿಎಸ್‌ಟಿ ನಂಬರ್‌ನಲ್ಲಿ ಇರಬೇಕು, ನಿಮಗೆ ಬರುವುದು ಬಾಡಿಗೆ ಅಂತ ಕರಾರಿನಲ್ಲಿ ಬರೆಸಬೇಕು. ಆಗ ಆ ಬಾಡಿಗೆ ಮೇಲೂ 18 ಪರ್ಸೆಂಟ್ ಜಿಎಸ್‌ಟಿ ಇದೆ. ನಿಮಗೆ ನಂಬರ್ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಕಟ್ಟಡದ ಬಾಡಿಗೆಗೂ ಅದನ್ನ ಬಾಡಿಗೆ ಪಡೆದ ನೋಂದಾಯಿತ ಕಂಪನಿಯೇ ಕಟ್ಟಬೇಕು. ಅವರು ಅದನ್ನ ತಮ್ಮ ಜೇಬಿನಿಂದ ಕೊಡುತ್ತಾರೆ ಅಂದುಕೊಳ್ಳಬೇಡಿ, ನಿಮ್ಮ ಬಾಡಿಗೆ ಮಾತಾಡುವಾಗಲೇ ಅಷ್ಟು ಇಳಿಸಿರುತ್ತಾರೆ.

ಕಂಪನಿ ಬಿಟ್ಟು ಮತ್ತೆ ನಾವೇ ನಡೆಸಿದ ವರ್ಷ ಭರ್ಜರಿ ಸೀಸನ್. ರೂಮಿನಿಂದಲೇ 16 ಲಕ್ಷದ ಮೇಲೆ ಹೋಯಿತು, ಮಳಿಗೆ ಸೇರಿ 20 ದಾಟಿತು. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. 2024ರ ಮಾರ್ಚ್‌ನಲ್ಲಿ ನಂಬರ್ ಬಂತು. ಅಲ್ಲಿಂದ ಮೂರನೇ ದಾರಿ: ನಂಬರ್ ಇಟ್ಟುಕೊಂಡು ಆ್ಯಪ್‌ನಲ್ಲಿರುವುದು. ಹೊರಗಿನಿಂದ ನೋಡಿದರೆ ಎಲ್ಲ ಮೊದಲಿನ ಹಾಗೇ. ಒಳಗೆ ಎಲ್ಲ ತಿರುಗುಮುರುಗು.

ನೋಂದಣಿ ಆದ ಕ್ಷಣದಿಂದ 9(5) ನಮಗೆ ಇಲ್ಲ. ತೆರಿಗೆ ನಮ್ಮದೇ. ಆದರೆ ನಮಗೆ ನಂಬರ್ ಬಂದಿದೆ ಅಂತ ಆ್ಯಪ್‌ಗೆ ಕನಸು ಬೀಳುತ್ತದಾ? ನಾವೇ ಹೋಗಿ ಹಾಕಬೇಕು. ನಾನು ಹಾಕಿದ್ದು ಆರು ವಾರ ಬಿಟ್ಟು. ಅಷ್ಟು ದಿನ ಅವರು ತಮ್ಮ ಲೆಕ್ಕದಲ್ಲಿ ಕಟ್ಟುತ್ತಾ ಹೋದರು, ಇತ್ತ ನಮ್ಮ ಮೇಲೂ ಹೊಣೆ ಬಿತ್ತು. ಒಂದೇ ರೂಮಿಗೆ ಎರಡು ಕಡೆಯಿಂದ ತೆರಿಗೆ. ಅದನ್ನ ಬಿಡಿಸುವುದಕ್ಕೆ ಆಡಿಟರ್‌ಗೆ ಒಂದಿಡೀ ಮಳೆಗಾಲ ಬೇಕಾಯಿತು.

ಆಮೇಲೆ ಒಂದು ದೇಸಿ ಬುಕಿಂಗ್ ಸೈಟಿಗೂ ಸೇರಿದೆವು, ಅಲ್ಲಿ ಕಮಿಷನ್ 18 ಪರ್ಸೆಂಟ್. ಈಗಿನ ರೇಟಿನಲ್ಲಿ ಲೆಕ್ಕ ನೋಡಿ. ಅತಿಥಿ ಕೊಡುವುದು 3000 ಮತ್ತು 5 ಪರ್ಸೆಂಟ್ 150, ಒಟ್ಟು 3150. ಅದರಲ್ಲಿ ಕಮಿಷನ್ 540, ಅದರ ಮೇಲೆ ಜಿಎಸ್‌ಟಿ 97.20. ಟಿಸಿಎಸ್ ಅಂತ 15 ರೂಪಾಯಿ, ಜಿಎಸ್‌ಟಿ ಲೆಕ್ಕಕ್ಕೆ ಸೈಟಿನವರು ಮೊದಲೇ ಹಿಡಿಯುವುದು, ಇದು ಮೊದಲು 1 ಪರ್ಸೆಂಟ್ ಇತ್ತು, 2024ರ ಜುಲೈ 10ರಿಂದ ಅರ್ಧ ಆಯಿತು. ಆಗಲೇ ಹೇಳಿದ ಆ ಟಿಡಿಎಸ್ ಈಗ 0.1 ಪರ್ಸೆಂಟ್, ಸುಮಾರು 3 ರೂಪಾಯಿ. ಎಲ್ಲ ಕಳೆದು 2495ರ ಹತ್ತಿರ ಖಾತೆಗೆ ಬರುತ್ತದೆ. ನೋಡಿದರೆ ಮೊದಲಿನ 2469ಕ್ಕಿಂತ ಜಾಸ್ತಿ ಬಂದ ಹಾಗಿದೆ. ಮೋಸ ಹೋಗಬೇಡಿ, ಅದರಲ್ಲಿ 150 ಸರ್ಕಾರದ್ದು. ನಾನು ಅದಕ್ಕೇ ಬೇರೆ ಖಾತೆ ತೆರೆದು ಬಂದ ದಿನವೇ ಎತ್ತಿಡುತ್ತೇನೆ, ಇಲ್ಲದಿದ್ದರೆ ಅದು ತೋಟದ ಆಳುಗಳ ವಾರದ ಬಟವಾಡೆಗೆ ಹೋಗಿಬಿಡುತ್ತದೆ. ಟಿಸಿಎಸ್, ಟಿಡಿಎಸ್ ವಾಪಸ್ ಸಿಗುತ್ತದೆ. ಆದರೆ ಟಿಸಿಎಸ್ ತಾನಾಗಿ ಬರುವುದಿಲ್ಲ, ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ಒಪ್ಪಿದೆ ಅಂತ ಒತ್ತಿದರೆ ಮಾತ್ರ ಅಲ್ಲಿರುವ ನಮ್ಮ ನಗದು ಖಾತೆಗೆ ಸೇರುತ್ತದೆ. ಅವೆರಡನ್ನೂ ಸೇರಿಸಿ, ಸರ್ಕಾರದ 150 ಕಳೆದು ಕೊನೆಗೆ ಕೈಗೆ ಉಳಿಯುವುದು 2362.80.

ಈಗ ಆ ಮುಳ್ಳು. 12 ಪರ್ಸೆಂಟ್ ಇದ್ದಾಗ ಕಮಿಷನ್ ಮೇಲಿನ 97.20ನ್ನ ನಾವು ಕಟ್ಟಬೇಕಾದ 360ರಲ್ಲಿ ಕಳೆದುಕೊಳ್ಳಬಹುದಿತ್ತು. ಹಾಸಿಗೆ, ಗೀಸರ್ ಕೊಂಡಾಗಿನ ಜಿಎಸ್‌ಟಿ ಕೂಡ. 5 ಪರ್ಸೆಂಟ್‌ನಲ್ಲಿ ಅದು ಇಲ್ಲ. ಕೊಟ್ಟದ್ದು ಕೊಟ್ಟ ಹಾಗೆ. ಅತಿಥಿಗೆ 210 ಉಳಿಯಿತು, ನಮಗೆ ರೂಮಿಗೆ 97 ಖೋತಾ. ಕಮಿಷನ್ ಜಾಸ್ತಿ ಇದ್ದಷ್ಟೂ ಈ ಪೆಟ್ಟು ಜಾಸ್ತಿ. ಹಾಗಾಗಿ ನಾಲ್ಕನೇ ದಾರಿ, ಅಂದರೆ ಫೋನು, ವಾಟ್ಸಾಪು, ಯುಪಿಐ, ನಮಗೆ ಈಗ ಮೊದಲಿಗಿಂತ ಬಹಳ ಹತ್ತಿರವಾಗಿದೆ.

ನೇರ ಬುಕಿಂಗ್ ಬಗ್ಗೆ ಜನರಲ್ಲಿ ಒಂದು ತಪ್ಪು ನಂಬಿಕೆ ಇದೆ, ಅದು ಕದ್ದು ಮಾಡುವ ವ್ಯಾಪಾರ ಅಂತ. 20 ಲಕ್ಷದೊಳಗೆ ಇರುವವರು ನೇರವಾಗಿ ರೂಮು ಕೊಟ್ಟರೆ ಜಿಎಸ್‌ಟಿ ಇಲ್ಲವೇ ಇಲ್ಲ, ಕಾನೂನು ಪ್ರಕಾರವೇ ಇಲ್ಲ. ಅದೇ ರೂಮು, ಅದೇ ರಾತ್ರಿ, ಆ್ಯಪ್‌ನಲ್ಲಿ ಬಂದರೆ ತೆರಿಗೆ ಇದೆ, ಫೋನಲ್ಲಿ ಬಂದರೆ ಇಲ್ಲ. ಆದಾಯ ತೆರಿಗೆಗೆ ಮಾತ್ರ ಎರಡನ್ನೂ ತೋರಿಸಬೇಕು, 20 ಲಕ್ಷದ ಲೆಕ್ಕಕ್ಕೂ ಎರಡೂ ಸೇರುತ್ತವೆ. ನಂಬರ್ ಇರುವ ನಮ್ಮಂಥವರು ನೇರ ಬುಕಿಂಗ್‌ನಲ್ಲೂ 150 ಹಾಕಿ, ಬಿಲ್ ಕೊಟ್ಟು, ಕಟ್ಟಲೇಬೇಕು. ಆದರೂ ಕೈಗೆ 3000 ಪೂರ್ತಿ ಉಳಿಯುತ್ತದೆ. 2362 ಎಲ್ಲಿ, 3000 ಎಲ್ಲಿ! ಅದಕ್ಕೇ ಎರಡನೇ ಸಲ ಬರುವವರಿಗೆ ನಾನು 2800ಕ್ಕೆ ಕೊಡುತ್ತೇನೆ, ಇಬ್ಬರಿಗೂ ಲಾಭ.

ಕಷ್ಟ ಇರುವುದು ಕೆಲಸದಲ್ಲಿ. ಅಡ್ವಾನ್ಸ್ ಬಂದ ದಿನವೇ ಆ ಅಡ್ವಾನ್ಸ್ ಮೇಲೆ ಜಿಎಸ್‌ಟಿ ಹೊಣೆ ಬರುತ್ತದೆ, ಅತಿಥಿ ಬಂದ ದಿನ ಅಲ್ಲ. ಅಕ್ಟೋಬರ್‌ನಲ್ಲಿ ಹೊಸ ವರ್ಷಕ್ಕೆ ಅಂತ ಅಡ್ವಾನ್ಸ್ ತಗೊಂಡು, ಡಿಸೆಂಬರ್‌ನಲ್ಲಿ ಅವರು ಬರಲ್ಲ ಅಂದರೆ, ರಸೀದಿ ತಿರುಗಿಸಿ ಲೆಕ್ಕ ಸರಿಮಾಡುತ್ತಾ ಕೂರಬೇಕು. ನಾವು ಮೂರು ತಿಂಗಳ ರಿಟರ್ನ್ ಪದ್ಧತಿಯಲ್ಲಿದ್ದೇವೆ. ಮೊದಲ ಎರಡು ತಿಂಗಳು 25ರೊಳಗೆ ಚಲನ್, ಮೂರು ತಿಂಗಳಿಗೊಮ್ಮೆ 22ರೊಳಗೆ 3ಬಿ ಅನ್ನುವ ರಿಟರ್ನ್. ತಡವಾದರೆ ದಿನಕ್ಕೆ 50 ರೂಪಾಯಿ. ಮಳೆಗೆ ಮೂರು ದಿನ ಕರೆಂಟೂ ಇಲ್ಲ, ಟವರೂ ಇಲ್ಲ ಅಂತ ಪೋರ್ಟಲ್ ಕೇಳುವುದಿಲ್ಲ. ಜುಲೈ ತಿಂಗಳ 22 ಅಂದರೆ ನನಗೆ ಈಗ ಸೀದಾ ಹಾಸನದ ಬಸ್ಸು.

ಕಂಪನಿ ಟ್ರಿಪ್ಪಿಗೆ ಬರುವವರದು ಇನ್ನೊಂದು ತಕರಾರು. ಚೆನ್ನೈನ ಒಂದು ಕಂಪನಿಯವರು ನಮಗೆ ಐಜಿಎಸ್‌ಟಿ (ರಾಜ್ಯ ದಾಟಿದ ವ್ಯಾಪಾರದ ಜಿಎಸ್‌ಟಿ) ಬಿಲ್ಲೇ ಬೇಕು ಅಂತ ಕೂತರು. ರೂಮಿನ ವಿಷಯದಲ್ಲಿ ಕಟ್ಟಡ ಎಲ್ಲಿದೆಯೋ ತೆರಿಗೆ ಅಲ್ಲಿಯದೇ. ಅತಿಥಿ ಎಲ್ಲಿಯವರಾದರೂ ನಮ್ಮ ಬಿಲ್ಲಿನಲ್ಲಿ ಇರುವುದು ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ, ಎರಡೂವರೆ ಎರಡೂವರೆ ಪರ್ಸೆಂಟ್. ತಮಿಳುನಾಡಿನ ನಂಬರ್‌ಗೆ ಅದರ ಕ್ರೆಡಿಟ್, ಅಂದರೆ ಅದನ್ನ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಬುಕಿಂಗ್ ಮೊದಲೇ ಹೇಳಿಬಿಡಿ, ಹೊರಡುವ ದಿನ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುವ ಹೊತ್ತಲ್ಲಿ ಈ ವಾದ ಬೇಡ.

ಹಾಗಾದರೆ ಯಾವುದು? ವಹಿವಾಟು 20 ಲಕ್ಷದ ಹತ್ತಿರಕ್ಕೂ ಬರದವರು ನಂಬರ್ ಮಾಡಿಸುವ ಆತುರ ಬೇಡ. ಹೊಸಬರು ಆ್ಯಪ್‌ನಿಂದ ಬರಲಿ, ಹಳಬರು ಫೋನಿನಿಂದ. ಆದರೆ ಪ್ಯಾನ್‌ನಲ್ಲಿ ಬೇರೆ ಏನೇನು ಬಾಡಿಗೆ ಇದೆ ಅಂತ ಮೊದಲೇ ಕೂಡಿಸಿ ನೋಡಿ. ನಂಬರ್ ಬಂದ ಮೇಲೆ ನನ್ನ ಮತ ನೇರ ಬುಕಿಂಗ್‌ಗೇ. ನಾವು ಈಗ ವಾರದ ಮಧ್ಯದ ಖಾಲಿ ರೂಮು ಮಾತ್ರ ಸೈಟುಗಳಿಗೆ ಬಿಡುತ್ತೇವೆ, ಶನಿವಾರ ಭಾನುವಾರ ನಮ್ಮ ಕೈಯಲ್ಲೇ.

ಒಂದು ಮಾತ್ರ ಇನ್ನೂ ಮನೆಯಲ್ಲಿ ಜಗಳ. ಆ 7500 ಇದೆಯಲ್ಲ, ಅದು ಒಂದು ಯೂನಿಟ್‌ಗೆ ಒಂದು ದಿನಕ್ಕೆ. ಇಡೀ ಮನೆ ಒಂದೇ ಲಿಸ್ಟಿಂಗ್ ಅಂತ 9000ಕ್ಕೆ ಹಾಕಿದರೆ 18 ಪರ್ಸೆಂಟ್, 1620. ಮೂರು ರೂಮು ಬೇರೆ ಬೇರೆ 3000 ಅಂತ ಹಾಕಿದರೆ 5 ಪರ್ಸೆಂಟ್, 450. ಆಡಿಟರ್ ಹೇಳುವುದು, ರೂಮುಗಳನ್ನ ನಿಜವಾಗಿಯೂ ಬೇರೆ ಬೇರೆ ಜನಕ್ಕೆ ಕೊಡುವ ಅಭ್ಯಾಸ ಇದ್ದರೆ ಮಾತ್ರ ಹಾಗೆ ಹಾಕಿ, ಬಿಲ್ಲಿಗೋಸ್ಕರ ಸುಮ್ನೆ ಒಡೆಯಬೇಡಿ ಅಂತ. ನಾವು ಒಡೆದೇ ಹಾಕಿದ್ದೇವೆ, ಕೊಡುವುದೂ ಹಾಗೇ. ಡಿಸೆಂಬರ್ 31ಕ್ಕೆ ಮಾತ್ರ ಇಡೀ ಮನೆ ಬೇಕು ಅಂತ ಬೆಂಗಳೂರಿನ ಒಂದು ಗುಂಪು ಆಗಲೇ ಕೇಳಿದೆ. ಯಜಮಾನರು ಕೊಟ್ಟುಬಿಡು ಅಂತಾರೆ. ನಾನು 18 ಪರ್ಸೆಂಟ್ ಸೇರಿಸಿಯೇ ರೇಟು ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.